ಮನೆಯಲ್ಲಿ ಬೆರೆಸಿದ ಕಡಲು

ಮದುವೆಯಾಗಿ ಆ ಮನೆಗೆ ಬಂದ ಆರನೆಯ ವಾರ, ಒಂದು ಗುರುವಾರ ಮಧ್ಯಾಹ್ನ, ಹೊಸಬಳು ಕೆಲಸದಿಂದ ಬಂದು ನೋಡಿದರೆ ಬಟ್ಟೆ ಒಗೆಯುವ ಕೋಣೆಯ ನೀಲಿ ಡ್ರಮ್ಮು ಒಂದು ಮೊಳ ಪಕ್ಕಕ್ಕೆ ಸರಿದಿತ್ತು. ಖಾಲಿಯಾದ ಜಾಗದಲ್ಲಿ ಅವಳ ಬಟ್ಟೆಯ ಬುಟ್ಟಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತ್ತು.

ಊರಿಗೆ ಹೇಳಿಕೊಳ್ಳುವಂಥ ಸಂಗತಿಯಲ್ಲ. ಆದರೆ ಆ ಕೋಣೆ ಎಷ್ಟು ಇಕ್ಕಟ್ಟಾಗಿತ್ತೆಂದರೆ, ಇಬ್ಬರು ಒಟ್ಟಿಗೆ ನಿಂತರೆ ಒಬ್ಬರು ಉಸಿರು ಬಿಟ್ಟ ಮೇಲೆ ಇನ್ನೊಬ್ಬರು ಎಳೆದುಕೊಳ್ಳಬೇಕು. ಆರು ವಾರದಿಂದ ಬುಟ್ಟಿ ಬಾಗಿಲಿಗೆ ಅಡ್ಡವಾಗಿತ್ತು. ಬಂದವರೆಲ್ಲ ಅದನ್ನು ಎಡವಿ, ಅದಕ್ಕೆ ಒಂದು ಮಾತು ಬೈದು ಹೋಗುತ್ತಿದ್ದರು. ಡ್ರಮ್ಮನ್ನು ಮುಟ್ಟುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಅದು ಬಟಾಣಿಯದು.

ಬಟಾಣಿಗೆ ಹದಿನಾಲ್ಕು ವರ್ಷ. ಹುಟ್ಟಿದಾಗ ಕಾಳಿನಷ್ಟಿದ್ದಳೆಂದು ಅಜ್ಜಿ ಇಟ್ಟ ಅಡ್ಡಹೆಸರು. ಈಗ ಅಜ್ಜಿಗಿಂತ ಒಂದು ಗೇಣು ಎತ್ತರ. ಹೊರಗಿನವರ ಮುಂದೆ ಹಾಗೆ ಕರೆದರೆ ಎರಡು ದಿನ ಮಾತು ಬಿಡುತ್ತಿದ್ದಳು. ಅವಳ ಅಪ್ಪ ಲಿಫ್ಟ್ ಮೆಕ್ಯಾನಿಕ್. ತಾಯಿ ತೀರಿಕೊಂಡು ಎರಡೂವರೆ ವರ್ಷವಾಗಿತ್ತು. ಮನೆಯಲ್ಲಿದ್ದ ಅಜ್ಜಿ ಮೆಕ್ಯಾನಿಕ್ಕನ ತಾಯಿಯಲ್ಲ, ತೀರಿಕೊಂಡವಳ ತಾಯಿ. ಮಗಳ ಆರೈಕೆಗೆಂದು ಬಂದವರು ಮೊಮ್ಮಗಳಿಗಾಗಿ ಉಳಿದುಕೊಂಡಿದ್ದರು.

ಅಳಿಯನಿಗೆ ಎರಡನೆಯ ಮದುವೆ ಮಾಡಿಸಿದ್ದೂ ಅವರೇ. ಮಗಳು ಆಸ್ಪತ್ರೆಯಲ್ಲಿದ್ದ ಮೂರು ತಿಂಗಳೂ ಅಜ್ಜಿ ದಿನಾ ಆಸ್ಪತ್ರೆಯ ಲಾಂಡ್ರಿ ಕಿಟಕಿಗೆ ಹೋಗಿ ಇನ್ನೊಂದು ಬೆಡ್‌ಶೀಟ್ ಕೇಳುತ್ತಿದ್ದರು. ಒಬ್ಬ ರೋಗಿಗೆ ದಿನಕ್ಕೆ ಒಂದೇ ಎಂದು ಕಿಟಕಿಯ ಮೇಲೆ ಬರೆದಿತ್ತು. ಕಿಟಕಿಯೊಳಗಿನ ಹೆಂಗಸು ಅದನ್ನು ಒಂದು ದಿನವೂ ಓದಿ ಹೇಳಲಿಲ್ಲ. ಇಸ್ತ್ರಿಯ ಬಿಸಿ ಆರದ ಬೆಡ್‌ಶೀಟ್ ತೆಗೆದು ಕೊಡುತ್ತಿದ್ದಳು. ಆ ಹೆಂಗಸೇ ಈ ಹೊಸಬಳು.

"ಅಳಿಯನ ಎರಡನೇ ಹೆಂಡತಿ ನನಗೇನಾಗ್ಬೇಕೋ ನನಗೆ ಗೊತ್ತಿಲ್ಲ," ಎಂದು ಅಜ್ಜಿ ಮೊದಲ ದಿನವೇ ಹೇಳಿದ್ದರು. "ಮಗಳು ಅಂದ್ರೆ ಹೋದವಳಿಗೆ ಬೇಜಾರು. ಸೊಸೆ ಅನ್ನೋಕೆ ನನಗೆ ಮಗನೇ ಇಲ್ಲ. ತಾಯಿ ಅಂತೀನಿ. ಅದು ಎಲ್ಲರಿಗೂ ನಡಿಯುತ್ತೆ."

ಬಟಾಣಿ ಮಾತ್ರ ಏನೆಂದೂ ಕರೆಯುತ್ತಿರಲಿಲ್ಲ. ಏನಾದರೂ ಬೇಕಿದ್ದರೆ ಎದುರಿಗೆ ಬಂದು ನಿಲ್ಲುತ್ತಿದ್ದಳು, ಅಷ್ಟೆ. ಬೇರೆ ಊರಿನಲ್ಲಿದ್ದ ಸೋದರತ್ತೆ ವಾರಕ್ಕೆರಡು ಸಲ ಅವಳಿಗೆ ಫೋನ್ ಮಾಡುತ್ತಿದ್ದಳು. "ಅಲ್ಲಿ ಸರಿಹೋಗದಿದ್ರೆ ಹೇಳು ಪುಟ್ಟಿ. ರಜೆ ಶುರುವಾದ ತಕ್ಷಣ ಬಂದ್ಬಿಡು, ಇಲ್ಲೇ ಸ್ಕೂಲಿಗೆ ಸೇರಿಸ್ತೀನಿ." ಅವಳ ದನಿ ಫೋನಿನಿಂದ ಅಡುಗೆಮನೆಯವರೆಗೂ ಕೇಳುತ್ತಿತ್ತು. ಬಟಾಣಿ ಹೂಂ ಎನ್ನುತ್ತಿರಲಿಲ್ಲ, ಊಹೂಂ ಎನ್ನುತ್ತಿರಲಿಲ್ಲ. ಅಜ್ಜಿ ಮಾತ್ರ ಸ್ಪಷ್ಟವಾಗಿ ಹೇಳಿದ್ದರು: "ಅವಳು ಹೋದ್ರೆ ನಾನೂ ಹೊರಟೆ. ಮೊಮ್ಮಗಳಿಲ್ಲದ ಮನೇಲಿ ಅಳಿಯನ ಅನ್ನ ತಿಂದ್ಕೊಂಡು ಕೂರೋಕೆ ನನಗೇನು ಹುಚ್ಚಾ?"

ಇಬ್ಬರೂ ಹೋದರೆ ಆ ಮನೆಯಲ್ಲಿ ಉಳಿಯುವುದು ಎರಡು ಜೀವ. ಹೊಸಬಳು ಕೂಡಿಕೊಂಡು ಬಾಳಬೇಕೆಂದು ಬಂದವಳು. ಬಂದು ಮನೆ ಒಡೆದಳು ಎನ್ನಿಸಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ. ಹಾಗಾಗಿ ಆ ಗುರುವಾರ ಬುಟ್ಟಿಯ ಪಕ್ಕ ನಿಂತು, ಸರಿದ ಡ್ರಮ್ಮನ್ನು ಅವಳು ಸುಮಾರು ಹೊತ್ತು ನೋಡಿದಳು.

*

ಡ್ರಮ್ಮಿನಲ್ಲಿ ಇರುತ್ತಿದ್ದುದು ಸಮುದ್ರ. ಮುಂದಿನ ಕೋಣೆಯಲ್ಲಿ, ಬೇರೆಯವರ ಮನೆಯಲ್ಲಿ ಟೀವಿ ಇರುವ ಕಡೆ, ಇವರ ಮನೆಯಲ್ಲಿ ಗಾಜಿನ ದೊಡ್ಡ ಟ್ಯಾಂಕು. ಅದರಲ್ಲಿ ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು, ಒಂದು ಕೆಂಪು ಸಿಗಡಿ. ಬಟಾಣಿಯೂ ತೀರಿಕೊಂಡ ಅವಳ ತಾಯಿಯೂ ಸೇರಿ ಶುರುಮಾಡಿದ್ದು. ಉಪ್ಪುನೀರಿನ ಜೀವಗಳಾದ್ದರಿಂದ ವಾರಕ್ಕೊಮ್ಮೆ ಹಳೆಯ ನೀರು ಸ್ವಲ್ಪ ತೆಗೆದು, ಹೊಸದಾಗಿ ಬೆರೆಸಿದ ಉಪ್ಪುನೀರು ಹಾಕಬೇಕು.

ಶುಕ್ರವಾರ ಸಂಜೆ ಬಟಾಣಿ ನಲ್ಲಿ ನೀರು ಶುದ್ಧ ಮಾಡುವ ಫಿಲ್ಟರಿನ ಸಣ್ಣ ಕೊಳವೆಯನ್ನು ಡ್ರಮ್ಮಿಗೆ ಇಳಿಬಿಡುತ್ತಿದ್ದಳು. ಹನಿ ಹನಿಯಾಗಿ ಬಿದ್ದು ಬೆಳಗಾಗುವುದರೊಳಗೆ ನಲವತ್ತು ಲೀಟರಿನ ಗೆರೆ ಮುಟ್ಟುತ್ತಿತ್ತು. ಗೆರೆ ತಾಯಿ ಎಳೆದದ್ದು. ಅದರ ಪಕ್ಕದಲ್ಲಿ ಕಪ್ಪು ಮಾರ್ಕರಿನಲ್ಲಿ ಅವಳ ದುಂಡಗಿನ ಅಕ್ಷರ: "ಇಲ್ಲಿವರೆಗೆ ನೀರು. ಆಮೇಲೆ ಉಪ್ಪು. ಅವಸರ ಬೇಡ."

ಆ ಶನಿವಾರ ಹೊಸಬಳು ಬಟ್ಟೆ ಹಿಂಡುತ್ತ ನೋಡುತ್ತಿದ್ದಳು. ಸಾಕುಮೀನಿನ ಅಂಗಡಿಯಿಂದ ತಂದ ಉಪ್ಪಿನ ಪುಡಿಯನ್ನು ಬಟಾಣಿ ಬಟ್ಟಲಿನಲ್ಲಿ ಅಳೆದು, ಮಗುವಿಗೆ ಪೌಡರ್ ಹಾಕುವ ಹಾಗೆ ನೀರಿನ ಮೇಲೆ ಉದುರಿಸುತ್ತಿದ್ದಳು. ಡ್ರಮ್ಮಿನೊಳಗೆ ಸಣ್ಣ ಪಂಪು ಗುಂಯ್ಗುಟ್ಟುತ್ತ ನೀರನ್ನು ಸುತ್ತಿಸುತ್ತಿತ್ತು.

"ಮೊದಲು ಉಪ್ಪು ಹಾಕಿ ಆಮೇಲೆ ನೀರು ಬಿಟ್ರೆ ಆಗಲ್ವಾ?" ಹೊಸಬಳು ಸುಮ್ಮನೆ ಕೇಳಿದಳು.

"ಗಡ್ಡೆ ಕಟ್ಟುತ್ತೆ. ಸುಣ್ಣದ ಥರ. ಆಮೇಲೆ ತಲೆ ಕೆಳಗಾದ್ರೂ ಕರಗಲ್ಲ."

"ಇವತ್ತೇ ಟ್ಯಾಂಕಿಗೆ ಹಾಕ್ತೀಯಾ?"

"ನಾಳೆ. ಒಂದು ದಿನ ಸುತ್ತಬೇಕು. ಬಿಸಿ ಸರಿಹೋಗಬೇಕು. ಉಪ್ಪಿನ ಅಳತೆ ಮೂವತ್ತೈದು ಬರಬೇಕು."

ಆರು ವಾರದಲ್ಲಿ ಅವಳಾಡಿದ ಅತಿ ಉದ್ದದ ಮಾತು ಅದು. ಬಾಗಿಲಲ್ಲಿ ನಿಂತಿದ್ದ ಮೆಕ್ಯಾನಿಕ್ ನಕ್ಕ. "ಬೇರೆಯವರು ಸಮುದ್ರ ನೋಡೋಕೆ ರೈಲು ಹತ್ತುತ್ತಾರೆ. ನಮ್ಮನೇಲಿ ಸಮುದ್ರಾನೂ ಮನೆಯಡುಗೆ."

"ನಿಮ್ಮ ಮನೆ ಮೀನಿಗೆ ಸಿಗೋ ಉಪಚಾರ ನನಗೆ ಸಿಕ್ಕಿದ್ರೆ ನೂರು ವರ್ಷ ಬದುಕ್ತೀನಿ," ಎಂದು ಅಜ್ಜಿ ಒಳಗಿನಿಂದ ಕೂಗಿದರು. "ನನ್ನ ಕಾಫಿಗೆ ಯಾರಾದ್ರೂ ಅಳತೆ ನೋಡಿದ್ದುಂಟಾ?"

"ನಿನಗೆ ಸಕ್ಕರೆ ನಿಲ್ಲಿಸಿದಾರೆ ಅಜ್ಜಿ. ಅಳತೆ ಸೊನ್ನೆ," ಎಂದಳು ಬಟಾಣಿ. ಹೊಸಬಳೂ ನಕ್ಕಳು. ನಕ್ಕಿದ್ದಕ್ಕೆ ಹುಡುಗಿ ಮುಖ ತಿರುಗಿಸಲಿಲ್ಲ.

*

ಮುಂದಿನ ವಾರ ಬಟಾಣಿ ಶಾಲೆಯ ಆಟೋಟಕ್ಕೆಂದು ಮೂರು ದಿನ ಹೋದಳು. ಹೋಗುವ ಮೊದಲು ಉಳಿದಿದ್ದ ನೀರು ಟ್ಯಾಂಕಿಗೆ ಹಾಕಿ, ಡ್ರಮ್ಮು ಬರಿದು ಮಾಡಿ ಹೋಗಿದ್ದಳು.

ಬುಧವಾರ ಹೊಸಬಳು ಅದರ ಮುಚ್ಚಳ ತೆಗೆದು ಇಣುಕಿದಳು. ಒಳಗೆ ನೀರು ನಿಲ್ಲುವ ಎತ್ತರಕ್ಕೆ ಬಿಳಿ ಹಕ್ಕಳೆ ಕಟ್ಟಿತ್ತು, ತಳದಲ್ಲಿ ಕಂದು ಲೋಳೆ. ಹದಿನೇಳು ವರ್ಷ ಆಸ್ಪತ್ರೆಯ ಬಟ್ಟೆ ಒಗೆದವಳ ಕಣ್ಣು ಅದು. ಕಲೆ ಕಂಡರೆ ಅವಳ ಕೈ ಕೇಳದೆ ಹೊರಡುತ್ತಿತ್ತು. ಮೇಲಾಗಿ ಮನಸ್ಸಿನಲ್ಲಿ ಒಂದು ವಾರದಿಂದ ತುಂಬಿಕೊಂಡಿದ್ದ ಉಪಕಾರದ ಭಾರ ಬೇರೆ. ತನಗೆ ಒಂದು ಮೊಳ ಜಾಗ ಬಿಟ್ಟುಕೊಟ್ಟವಳಿಗೆ ತಾನು ಏನು ಕೊಡಬೇಕು? ಸೀರೆ, ಬಳೆ, ತಿಂಡಿ ಕೊಡಬಹುದು. ಆದರೆ ತನ್ನ ಕೈಗೆ ಚೆನ್ನಾಗಿ ಬರುವುದು ಒಂದೇ ಕೆಲಸ.

ಬ್ರಷ್ಷು ತಂದಳು. ಲಾಂಡ್ರಿಯ ಗಟ್ಟಿ ಸೋಪಿನ ದ್ರವ ತಂದಳು. ಹಕ್ಕಳೆಯೆಲ್ಲ ಉಜ್ಜಿ ತೆಗೆದಳು. ಹೊರಗಿನ ಅಕ್ಷರಗಳ ಸುತ್ತ ಮಾತ್ರ ಬಟ್ಟೆಯ ತುದಿಯಲ್ಲಿ ಮೆಲ್ಲಗೆ ಒರೆಸಿದಳು. ಕೊನೆಗೆ, ಮಕ್ಕಳ ವಾರ್ಡಿನ ಬೆಡ್‌ಶೀಟಿಗೆಂದೇ ಇಡುತ್ತಿದ್ದ ಮಲ್ಲಿಗೆ ವಾಸನೆಯ ದ್ರವದ ನಾಲ್ಕು ಹನಿ. ಎರಡು ಸಲ ಜಾಲಿಸಿದ ಮೇಲೆ ನಲ್ಲಿ ಗೊರಗೊರ ಎಂದು ನಿಂತುಹೋಯಿತು. ಮೂರನೆಯ ಸಲ ಜಾಲಿಸದ ಬಟ್ಟೆಯನ್ನು ಅವಳು ಲಾಂಡ್ರಿಯಲ್ಲಿ ಎಂದೂ ಹೊರಗೆ ಬಿಟ್ಟವಳಲ್ಲ. ಇಲ್ಲಿ ಬಿಟ್ಟಳು. ಒಣ ಬಟ್ಟೆಯಲ್ಲಿ ಒರೆಸಿ, ಹೊಸ ಡ್ರಮ್ಮಿನಂತೆ ಹೊಳೆಯುವುದನ್ನು ಎರಡು ಹೆಜ್ಜೆ ಹಿಂದೆ ನಿಂತು ನೋಡಿದಳು.

ಅಜ್ಜಿ ಬಂದು ನೋಡಿದರು. "ಅಯ್ಯೋ, ಮುಖ ಕಾಣುತ್ತಲ್ಲೇ ತಾಯಿ!"

"ಅವಳು ಬಂದಾಗ ಹೇಳ್ಬೇಡಿ ಅಮ್ಮ. ತಾನಾಗೇ ನೋಡ್ಲಿ."

ಬಟಾಣಿ ಶುಕ್ರವಾರ ಕತ್ತಲಾದ ಮೇಲೆ, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು, ನಿದ್ದೆಗಣ್ಣಿನಲ್ಲಿ ಬಂದಳು. ಕೊಳವೆ ಇಳಿಬಿಟ್ಟು ಮಲಗಿದಳು. ಶನಿವಾರ ಉಪ್ಪು ಬೆರೆಸುವಾಗ ಮೂಗು ಕಟ್ಟಿ ಸೀನುತ್ತಿದ್ದಳು. ಉಪ್ಪುನೀರಿನಲ್ಲಿ ಸೋಪಿನ ನೊರೆ ಅಷ್ಟಾಗಿ ಏಳುವುದಿಲ್ಲ. ಅವಳಿಗೆ ಏನೂ ಕಾಣಲಿಲ್ಲ.

*

ಭಾನುವಾರ ಹೊಸ ನೀರು ಹಾಕಿ ಅರ್ಧ ಗಂಟೆಯಾಗಿತ್ತು. ಎಲ್ಲರೂ ಊಟಕ್ಕೆ ಕೂತಿದ್ದರು. ಅನ್ನ, ಸೊಪ್ಪು, ಎರಡೆರಡು ಮೊಟ್ಟೆ. ಮೆಕ್ಯಾನಿಕ್ ಯಾವುದೋ ಕಟ್ಟಡದ ಲಿಫ್ಟಿನಲ್ಲಿ ಸೋಫಾ ಸಮೇತ ಸಿಕ್ಕಿಕೊಂಡವರ ಕಥೆ ಹೇಳುತ್ತಿದ್ದ. "ನಾನು ಬಾಗಿಲು ತೆಗೆದಾಗ ಸೋಫಾ ಮೇಲೆ ಕೂತು ಇಸ್ಪೀಟ್ ಆಡ್ತಿದ್ರು ಕಣೇ..."

"ಅಪ್ಪಾ, ಅದೇನದು?" ಬಟಾಣಿ ಎದ್ದು ನಿಂತಳು.

ಟ್ಯಾಂಕಿನ ಹಿಂದೆ, ನೀರಿಗೆ ಗಾಳಿಯೂದಿ ನೊರೆಯ ಜೊತೆ ಕೊಳೆ ತೆಗೆಯುವ ಒಂದು ಕೊಳವೆ ಇತ್ತು. ದಿನಕ್ಕೆ ಒಂದು ಲೋಟದಷ್ಟು ನೊರೆ ಅದರ ಕೆಲಸ. ಈಗ ಅದರ ಬಾಯಿಂದ ಹಾಲು ಉಕ್ಕಿದ ಹಾಗೆ ನೊರೆ ಉಕ್ಕಿ, ಗೋಡೆಯ ಮೇಲೆ ಇಳಿದು, ನೆಲಕ್ಕೆ ಹರಿಯುತ್ತಿತ್ತು. ಮೀನುಗಳೆರಡೂ ನೀರಿನ ಮೇಲ್ಗಡೆ ಬಾಯಿ ತೆರೆದು ಮುಚ್ಚುತ್ತಿದ್ದವು. ಸಿಗಡಿ ಒಂದು ಮೂಲೆಯಲ್ಲಿ ಬಾಗಿ ಬಿದ್ದಿತ್ತು.

ಬಟಾಣಿ ಓಡಿಹೋಗಿ ಡ್ರಮ್ಮಿನ ಮುಚ್ಚಳ ತೆಗೆದು ಮೂಗಿಗೆ ಹಿಡಿದಳು. ನೆಗಡಿಯಲ್ಲೂ ಅವಳಿಗೆ ಗೊತ್ತಾಯಿತು. ಮಲ್ಲಿಗೆ.

"ಯಾರು ತೊಳೆದಿದ್ದು ಇದನ್ನ?"

ಹೊಸಬಳ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

"ನಾನು," ಎಂದರು ಅಜ್ಜಿ.

"ನೀನಾ? ನೀನು ಬಗ್ಗಿದ್ರೆ ಏಳೋಕಾಗಲ್ಲ ಅಂತೀಯ!"

"ಏನೋ, ಕೊಳೆ ಕಾಣಿಸ್ತು. ಒಂದು ಸಲ ಸೋಪು ಹಚ್ಚಿದೆ. ಅದಕ್ಕೇನೀಗ? ನೇಣು ಹಾಕ್ತೀಯಾ?"

ಅಜ್ಜಿ ಹೊಸಬಳ ಕಡೆ ನೋಡಲೂ ಇಲ್ಲ. ಅನ್ನ ಕಲಸುತ್ತಲೇ ಇದ್ದರು. ತನಗಾಗಿ ಈ ವಯಸ್ಸಿನಲ್ಲಿ ಸುಳ್ಳು ಹೇಳುವ ಒಂದು ಜೀವ ಇದೆಯೆಂದು ಹೊಸಬಳಿಗೆ ಅಂದೇ ಗೊತ್ತಾದದ್ದು. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು.

"ಅಮ್ಮ ಅಲ್ಲ," ಎಂದಳು. "ನಾನು ತೊಳೆದೆ. ಬುಧವಾರ. ಸೋಪು ಹಾಕಿ."

ಬಟಾಣಿಯ ಮುಖ ಕೆಂಪಾಯಿತು. "ನಿಮಗ್ಯಾರು ಹೇಳಿದ್ರು? ಯಾರು ಮುಟ್ಟು ಅಂದ್ರು? ಜಾಗ ಕೊಟ್ಟಿದ್ದೇ ತಪ್ಪಾಯ್ತು!"

"ಏಯ್, ದೊಡ್ಡವರ ಹತ್ರ..." ಎಂದು ಮೆಕ್ಯಾನಿಕ್ ಶುರುಮಾಡಿದ.

"ಅವಳು ಬೈಲಿ ರೀ. ಬೈಗುಳ ಆಮೇಲೂ ತಿನ್ನಬಹುದು," ಎಂದು ಹೊಸಬಳು ಎದ್ದಳು. "ಮೊದಲು ಇದನ್ನ ಹೇಳು. ಈಗ ಮೀನಿಗೆ ಏನು ಬೇಕು?"

ಹುಡುಗಿ ಅಳುತ್ತಲೇ ಹೇಳಿದಳು. "ಹೊಸ ನೀರು. ತುಂಬ. ಆದ್ರೆ ಫಿಲ್ಟರಿಂದ ಬರೋಕೆ ರಾತ್ರಿಯೆಲ್ಲ ಬೇಕು. ಬೆರೆಸೋಕೆ ಪಾತ್ರೆನೂ ಇಲ್ಲ. ಮನೇಲಿರೋದೆಲ್ಲ ಸೋಪು ಹಾಕಿದ್ದೇ."

"ಕುಡಿಯೋ ನೀರಿನ ಕ್ಯಾನ್ ಆಗುತ್ತಾ?"

ಬಟಾಣಿ ಯೋಚಿಸಿದಳು. "ಆಗುತ್ತೆ. ಅದೂ ಶುದ್ಧ ಮಾಡಿದ್ದೇ. ಮೂರು ಬೇಕು."

ಮೆಕ್ಯಾನಿಕ್ ಎಂಜಲು ಕೈ ತೊಳೆದವನೇ ಹೊರಗೆ ಓಡಿದ. ಅಜ್ಜಿ ಮೇಜಿಗೆ ಕೈಯೂರಿ ಎದ್ದು ಹೇಳಿದರು: "ನನ್ನ ಅಕ್ಕಿ ಡಬ್ಬಿ ನೋಡು ತಾಯಿ. ಪ್ಲಾಸ್ಟಿಕ್‌ದು. ತಂದಾಗಿನಿಂದ ಅದಕ್ಕೆ ಸೋಪು ತೋರಿಸಿಲ್ಲ. ಒರೆಸಿ ಇಡೋದು ಅಷ್ಟೆ."

ಮಂಚದ ಮೇಲೆ ಚಾದರ ಹಾಸಿ ಅಕ್ಕಿ ಸುರಿದರು. ಹೊಸಬಳು ಡಬ್ಬಿಗೆ ಕ್ಯಾನಿನ ನೀರು ಹಾಕಿ ಜಾಲಿಸಿ, ಆ ನೀರನ್ನೇ ಕುಡಿಯುವ ನೀರಿನ ಬಾಟಲಿಗೆ ಅರ್ಧ ತುಂಬಿ, ಮುಚ್ಚಳ ಬಿಗಿದು ಗಡಗಡ ಅಲುಗಿಸಿ ಕಿಟಕಿಯ ಬೆಳಕಿಗೆ ಹಿಡಿದಳು.

"ಒಂದು, ಎರಡು, ಮೂರು... ನೋಡು, ಗುಳ್ಳೆ ಒಡೆದೋಯ್ತು. ಹತ್ತು ಎಣಿಸಿದ್ರೂ ಮೇಲೆ ನೊರೆ ನಿಂತಿದ್ರೆ ಸೋಪಿದೆ ಅಂತ. ಮಕ್ಕಳ ವಾರ್ಡಿನ ಬಟ್ಟೆಗೆ ನಾವು ದಿನಾ ಹೀಗೇ ನೋಡೋದು."

ಬಟಾಣಿ ಕಣ್ಣೊರೆಸಿಕೊಂಡು ಬಾಟಲಿ ನೋಡಿದಳು. ಆಮೇಲೆ ಕೇಳಿದಳು: "ಹಾಗಾದ್ರೆ ಡ್ರಮ್ಮಿಗೆ ಯಾಕೆ ನೋಡ್ಲಿಲ್ಲ?"

ಆಸ್ಪತ್ರೆಯ ಮೇಲ್ವಿಚಾರಕಿ ಕೂಡ ಅವಳನ್ನು ಅಷ್ಟು ನೇರವಾಗಿ ಕೇಳಿರಲಿಲ್ಲ.

"ನಲ್ಲಿ ನಿಂತೋಗಿತ್ತು. ನೀರು ಬರೋ ತನಕ ಕಾಯಬಹುದಿತ್ತು, ಕಾಯಲಿಲ್ಲ. ನೀನು ಬರೋದ್ರೊಳಗೆ ಮುಗಿಸಿ ನಿನಗೆ ತೋರಿಸ್ಬೇಕು ಅಂತ ಆಸೆ. ಹೆಂಗೆ ಹೊಳೀತಿದೆ ಅಂತ ನೀನು ಒಂದು ಮಾತು ಅಂದ್ರೆ ಸಾಕಿತ್ತು ನನಗೆ."

ಬಟಾಣಿ ಮೂಗೊರೆಸಿಕೊಂಡಳು. ಉಪ್ಪಿನ ಬಟ್ಟಲು ತಂದಳು.

ಸಂಜೆಯವರೆಗೆ ನಾಲ್ಕು ಜನಕ್ಕೂ ಒಂದೇ ಕೆಲಸ. ಮೆಕ್ಯಾನಿಕ್ ಕ್ಯಾನು ಹೊತ್ತು ತಂದ. ಎರಡನೆಯ ಮಹಡಿಗೆ ಮೆಟ್ಟಿಲು ಹತ್ತಿ ಏದುಸಿರು ಬಿಡುವಾಗ, "ಊರಿಗೆಲ್ಲ ಲಿಫ್ಟ್ ರಿಪೇರಿ ಮಾಡೋನು ನಾನು!" ಎಂದು ಗೊಣಗಿದ. ಅಜ್ಜಿ ನೊರೆ ಒರೆಸಿ ಒರೆಸಿ ಬಟ್ಟೆ ಹಿಂಡಿದರು. ಡ್ರಮ್ಮಿನ ಪಂಪಿಗೂ ಸೋಪು ತಾಗಿತ್ತು. ಬಟಾಣಿ ಟ್ಯಾಂಕಿನಲ್ಲಿದ್ದ ಎರಡು ಪಂಪುಗಳಲ್ಲಿ ಒಂದನ್ನು ತೆಗೆದು, ಕ್ಯಾನಿನ ನೀರಲ್ಲಿ ಹಲವು ಸಲ ಜಾಲಿಸಿ, ಅಕ್ಕಿ ಡಬ್ಬಿಯಲ್ಲಿಟ್ಟಳು. ಉಪ್ಪು ಉದುರಿಸಿ, ಪಂಪು ಸುತ್ತಿಸಿ, ಬಿಸಿ ನೋಡಿ, ಒಂದು ಹನಿಯನ್ನು ಉಪ್ಪು ಅಳೆಯುವ ಮಾಪಕದ ಗಾಜಿಗೆ ಹಾಕಿ ಬೆಳಕಿಗೆ ಹಿಡಿದು, ಮೂವತ್ತೈದು ಬಂದ ಮೇಲೆಯೇ "ಹೂಂ" ಎನ್ನುತ್ತಿದ್ದಳು. ಹೊಸಬಳು ಹಳೆಯ ನೀರು ಎಳೆದು ಚೆಲ್ಲುತ್ತಿದ್ದಳು. ನೊರೆ ನಿಧಾನಕ್ಕೆ ಇಳಿಯಿತು. ಸೋಪು ಹೀರುವುದಕ್ಕೆ ಇದ್ದಿಲಿನ ಚೀಲ ಇಳಿಬಿಟ್ಟು ಬಟಾಣಿ ಟ್ಯಾಂಕಿನ ಮುಂದೆ ನೆಲದ ಮೇಲೆಯೇ ಕೂತಳು. ಮೀನುಗಳು ಸ್ವಲ್ಪ ಕೆಳಗಿಳಿದವು.

ಅಡುಗೆಮನೆಯಲ್ಲಿ ತಣ್ಣಗಾದ ಅನ್ನ ಮುಚ್ಚಿಡುತ್ತ ಹೊಸಬಳು ಪಿಸುದನಿಯಲ್ಲಿ ಕೇಳಿದಳು: "ನೀವ್ಯಾಕಮ್ಮ ಸುಳ್ಳು ಹೇಳೋಕೆ ಹೋದ್ರಿ?"

"ನನ್ನ ಮೇಲಾದ್ರೆ ಅವಳ ಕೋಪ ಎರಡು ದಿನ. ನಿನ್ನ ಮೇಲಾದ್ರೆ ಎಷ್ಟು ದಿನ ಅಂತ ಗೊತ್ತಿರ್ಲಿಲ್ಲ, ಅದಕ್ಕೆ." ಅಜ್ಜಿ ಸೊಂಟ ಹಿಡಿದುಕೊಂಡು ಕೂತರು. "ನೀನು ಬಾಯಿ ಬಿಟ್ಟಿದ್ದು ಒಳ್ಳೇದಾಯ್ತು ಬಿಡು. ನನಗೆ ಸುಳ್ಳು ಕೈಕೊಡುತ್ತೆ. ಯಾವ ಸೋಪು ಅಂತ ಕೇಳಿದ್ರೆ ಸಿಕ್ಕಿಬೀಳ್ತಿದ್ದೆ."

ಹೊಸಬಳು ಅವರ ಕಾಲ ಬಳಿ ಕೂತು, ಕೇಳದೆಯೇ, ನೀರಲ್ಲಿ ನೆನೆದ ಅವರ ಪಾದ ಒರೆಸಿದಳು. ಅಜ್ಜಿ ಬೇಡವೆನ್ನಲಿಲ್ಲ.

*

ಸಿಗಡಿ ಮಂಗಳವಾರ ಸತ್ತಿತು. ಅದೇ ದಿನ ಸೋದರತ್ತೆಯ ಫೋನು ಬಂದಾಗ ಬಟಾಣಿ ಹೇಳಿದ್ದು ಎಲ್ಲರಿಗೂ ಕೇಳಿಸಿತು: "ರಜೆಗೆ ಬರ್ತೀನಿ ಅತ್ತೆ."

ಎಷ್ಟು ದಿನಕ್ಕೆಂದು ಅವಳು ಹೇಳಲಿಲ್ಲ. ಕೇಳುವ ಎದೆ ಯಾರಿಗೂ ಇರಲಿಲ್ಲ. ರಜೆಗೆ ಇನ್ನು ನಾಲ್ಕು ವಾರವಿತ್ತು. ಅಜ್ಜಿ ಅಟ್ಟದಿಂದ ತಮ್ಮ ಪೆಟ್ಟಿಗೆ ಇಳಿಸಿಕೊಂಡು, ಗಾಳಿಗೆ ಇಟ್ಟಿದ್ದೇನೆ ಅಷ್ಟೆ ಎಂದರು. ಮೆಕ್ಯಾನಿಕ್ ಊಟದ ಹೊತ್ತಿಗೆ ಲಿಫ್ಟಿನ ಕಥೆ ಹೇಳುವುದನ್ನು ನಿಲ್ಲಿಸಿದ.

ಹೊಸಬಳು ಡ್ರಮ್ಮಿನ ಹಿಂದೆ ಬಿದ್ದಳು. ಲಾಂಡ್ರಿಯಲ್ಲಿ ಕೊನೆಗೆ ಹುಳಿ ನೀರಿನಲ್ಲಿ ಜಾಲಿಸುವ ಪದ್ಧತಿ. ಅದೇ ರೀತಿ ವಿನೆಗರ್ ಹಾಕಿ ತೊಳೆದಳು. ತಾರಸಿಯ ಮೇಲೆ ಬಿಸಿಲಿಗಿಟ್ಟಳು. ಬರೀ ನೀರು ತುಂಬಿ ಒಂದು ದಿನ ಬಿಟ್ಟು ಚೆಲ್ಲಿದಳು. ಹೀಗೆ ಎಂಟು ದಿನ. ದಿನವೂ ಜಾಲಿಸಿದ ನೀರಿನ ಬಾಟಲಿಯನ್ನು ಊಟದ ಮೇಜಿನ ಮೇಲಿಡುತ್ತಿದ್ದಳು. ಬಟಾಣಿ ಶಾಲೆಯಿಂದ ಬಂದವಳು ಚೀಲ ಇಳಿಸುವ ಮೊದಲು ಬಾಟಲಿ ಅಲುಗಿಸಿ ಎಣಿಸುತ್ತಿದ್ದಳು.

ಮೊದಲ ದಿನ: "ಹತ್ತಾದ್ರೂ ಇದೆ."

ನಾಲ್ಕನೆಯ ದಿನ: "ಏಳಕ್ಕೆ ಹೋಯ್ತು."

ಎಂಟನೆಯ ದಿನ: "ಮೂರು."

"ಹಾಗಾದ್ರೆ ಪಾಸು!" ಎಂದರು ಅಜ್ಜಿ.

"ಗುಳ್ಳೆ ಪಾಸು," ಎಂದಳು ಹೊಸಬಳು. "ಇನ್ನು ಮೂಗು." ಬಟಾಣಿಯನ್ನು ತಾರಸಿಗೆ ಕರೆದುಕೊಂಡು ಹೋಗಿ ಬಿಸಿಲಿಗೆ ಕಾದ ಡ್ರಮ್ಮಿನ ಮುಚ್ಚಳ ತೆಗೆದಳು. "ತಲೆ ಒಳಗೆ ಹಾಕಿ ನೋಡು."

ಬಟಾಣಿ ಬಗ್ಗಿ ತುಂಬ ಹೊತ್ತು ಇದ್ದಳು. "ಏನೂ ಬರ್ತಿಲ್ಲ," ಎಂದಳು. ಅವಳ ಕೈ ಹೊರಗಡೆ, ತಾಯಿಯ ಅಕ್ಷರದ ಮೇಲೆ ಇತ್ತು.

ಹೊಸಬಳು ತಾನೂ ಬಗ್ಗಿ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಬರ್ತಿದೆ ಮಗಾ. ಬಿಸಿಗೆ ಸ್ವಲ್ಪ ಬರ್ತಿದೆ. ಪ್ಲಾಸ್ಟಿಕ್ಕು ಕುಡಿದುಬಿಟ್ಟಿದೆ ಅದನ್ನ. ಇದ್ರಲ್ಲಿ ಮತ್ತೆ ನೀರು ಬೆರೆಸೋದು ಬೇಡ. ಇದು ನನ್ನ ತಪ್ಪು, ಇದನ್ನ ಒಳ್ಳೇದು ಅಂತ ನಿನ್ನ ಬಾಯಲ್ಲಿ ಹೇಳಿಸ್ಬಾರ್ದು."

ಬಟಾಣಿ ಅಕ್ಷರದ ಮೇಲಿಂದ ಕೈ ತೆಗೆಯಲಿಲ್ಲ. "ಬಿಸಾಡ್ತೀರಾ?"

"ಯಾರು ಬಿಸಾಡ್ತಾರೆ? ಒಳ್ಳೆ ಡ್ರಮ್ಮು."

ಆ ಪ್ರಶ್ನೆಯನ್ನು ಬಗೆಹರಿಸಿದ್ದು ಅಜ್ಜಿ. ಡ್ರಮ್ಮು ಕೆಳಗೆ ಬಂದ ಕೂಡಲೇ ಅದಕ್ಕೆ ಆಲೂಗಡ್ಡೆ ತುಂಬಿಸಿ, ಅಡುಗೆಮನೆಯಲ್ಲಿ ಅಕ್ಷರ ಈಚೆಗೆ ಕಾಣುವಂತೆ ಇಟ್ಟರು. "ಇಲ್ಲಿವರೆಗೆ ನೀರು ಅಂತ ಬರೆದಿದೆ, ನೀನು ಆಲೂಗಡ್ಡೆ ಹಾಕಿದೀಯ," ಎಂದಳು ಬಟಾಣಿ. "ನಿಮ್ಮಮ್ಮ ಬೈದ್ರೆ ನನ್ನನ್ನ ಬೈತಾಳೆ, ನೀನು ಸುಮ್ನಿರು," ಎಂದರು ಅಜ್ಜಿ.

ಹೊಸ ಡ್ರಮ್ಮು ಬಂತು. ಗೆರೆ ಎಳೆಯಬೇಕಾಗಿತ್ತು. ಒಂದು ಲೀಟರಿನ ಬಾಟಲಿಯಲ್ಲಿ ಹೊಸಬಳು ನಲವತ್ತು ಸಲ ನೀರು ಸುರಿದಳು, ಬಟಾಣಿ ಎಣಿಸಿದಳು. ಇಪ್ಪತ್ತಾರರಲ್ಲಿ ಮೆಕ್ಯಾನಿಕ್ ಬಂದು, "ಇಪ್ಪತ್ತೊಂಬತ್ತಾ?" ಎಂದು ಲೆಕ್ಕ ತಪ್ಪಿಸಲು ನೋಡಿದ. ಇಬ್ಬರೂ ಒಟ್ಟಿಗೆ, "ಹೋಗ್ರೀ!" "ಹೋಗಪ್ಪಾ!" ಎಂದು ರೇಗಿದರು. ನಲವತ್ತಕ್ಕೆ ಬಟಾಣಿ ಗೆರೆ ಎಳೆದಳು. ಪಕ್ಕದಲ್ಲಿ ಏನೂ ಬರೆಯಲಿಲ್ಲ.

*

ರಜೆ ಬಂತು. ಹೊರಡುವ ಹಿಂದಿನ ದಿನ ಹೊಸಬಳು ಬಟಾಣಿಯ ಬಟ್ಟೆಯನ್ನೆಲ್ಲ ಒಗೆದು, ಇಸ್ತ್ರಿ ಮಾಡಿ, ಮಂಚದ ಮೇಲೆ ಜೋಡಿಸಿಟ್ಟಳು. ಒಂಬತ್ತು ಜೊತೆ. ಎಲ್ಲವನ್ನೂ ತೆಗೆದುಕೊಂಡು ಹೋಗುವಳೋ ಏನೋ, ಹೋದರೆ ಒಂದು ಗುಂಡಿಯೂ ಸಡಿಲವಾಗಿ ಹೋಗಬಾರದು ಎಂದು ಗುಂಡಿಗಳನ್ನೂ ಬಿಗಿದಿದ್ದಳು.

ಬಟಾಣಿ ಬಂದು ರಾಶಿ ನೋಡಿದಳು. "ಇಷ್ಟೊಂದು ಯಾಕೆ?"

"ಎಷ್ಟು ಬೇಕೋ ಗೊತ್ತಿರ್ಲಿಲ್ಲ."

ಬಟಾಣಿ ಎರಡು ಜೊತೆ ಎತ್ತಿ ಚೀಲಕ್ಕೆ ಹಾಕಿಕೊಂಡಳು. ಉಳಿದ ಏಳನ್ನು ಎದೆಗವಚಿಕೊಂಡು ಹೋಗಿ ತನ್ನ ಬೀರುವಿನಲ್ಲಿಟ್ಟು ಬಾಗಿಲು ಹಾಕಿದಳು. "ನಾಳೆ ಹೋಗಿ ಭಾನುವಾರ ಬರ್ತೀನಿ. ಅತ್ತೆ ಮನೇಲಿ ಬೆಳಗ್ಗೆ ಐದಕ್ಕೆ ಎಬ್ಬಿಸ್ತಾರೆ." ಸ್ವಲ್ಪ ತಡೆದು, ಚೀಲದ ದಾರ ಎಳೆಯುತ್ತ ಹೇಳಿದಳು: "ಶನಿವಾರ ನೀರು ಬೆರೆಸಬೇಕು. ನೀವು ಬೆರೆಸ್ತೀರಾ?"

"ನಾನಾ?"

"ಮತ್ತೆ? ಅಪ್ಪ ಬೆರೆಸಿದ್ರೆ ಉಪ್ಪಿನ ಜೊತೆ ಗ್ರೀಸೂ ಬೀಳುತ್ತೆ. ಅಜ್ಜಿ ರುಚಿ ನೋಡ್ತಾಳೆ."

ಹೊಸಬಳು ತಲೆಯಾಡಿಸಿದಳು. ಇಸ್ತ್ರಿ ಪೆಟ್ಟಿಗೆಯ ವೈರನ್ನು ಬಿಚ್ಚಿ ಮತ್ತೆ ಸುತ್ತಿದಳು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತ್ತು. ಅಜ್ಜಿಗೆ ಎಲ್ಲ ಕೇಳಿಸಿತ್ತು. ಸಂಜೆಯ ಹೊತ್ತಿಗೆ ಪೆಟ್ಟಿಗೆ ಅಟ್ಟ ಸೇರಿತು. ಸೊಂಟ ನೋವೆನ್ನುವವರು ಅದನ್ನು ಹೇಗೆ ಹತ್ತಿಸಿದರೆಂದು ಯಾರೂ ಕೇಳಲಿಲ್ಲ.

ಶನಿವಾರ ಹೊಸಬಳು ಮೊಣಕೈವರೆಗೆ ಕೈಯನ್ನು ಬರೀ ನೀರಲ್ಲಿ ಮೂರು ಸಲ ತೊಳೆದುಕೊಂಡು ಡ್ರಮ್ಮಿನ ಮುಂದೆ ಕೂತಳು. ನೀರು ಗೆರೆ ಮುಟ್ಟಿತ್ತು. ಬಟ್ಟಲು ಅಳೆದು ಒಂದೊಂದು ಚಿಟಿಕೆಯಾಗಿ ಉದುರಿಸಿದಳು. ಎಂಟು ಬಟ್ಟಲಿಗೆ ಒಂದು ಗಂಟೆ ಹಿಡಿಯಿತು. ಅಜ್ಜಿ ಬಾಗಿಲಲ್ಲಿ ಮಣೆ ಹಾಕಿಕೊಂಡು ಕಾವಲು ಕೂತು, ಒಳಗೆ ಬರಲು ಹೋದ ಅಳಿಯನನ್ನು, "ಕೈಯಲ್ಲಿ ಸೋಪಿದೆಯಾ? ಆಚೆ ನಡಿ," ಎಂದು ಅಟ್ಟಿದರು.

ಭಾನುವಾರ ಹನ್ನೊಂದಕ್ಕೆ ಬಟಾಣಿ ಬಂದಳು. ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ ಎಸೆದು, ಮೊದಲು ಟ್ಯಾಂಕಿನ ಮುಂದೆ ಬಗ್ಗಿ ಮೀನು ನೋಡಿದಳು. ಆಮೇಲೆ ಹಳೆಯ ನೀರು ಒಂದಷ್ಟು ಎಳೆದು ಚೆಲ್ಲಿ, ಒಗೆಯುವ ಕೋಣೆಗೆ ಹೋಗಿ ಡ್ರಮ್ಮಿನಿಂದ ಬಕೆಟ್ಟು ತುಂಬಿಸಿಕೊಂಡು ಬಂದವಳೇ ಟ್ಯಾಂಕಿನ ಅಂಚಿಗೆ ಎತ್ತಿದಳು. ಬಾಟಲಿ ಅಲುಗಿಸಲಿಲ್ಲ, ಮೂಗು ಹಿಡಿಯಲಿಲ್ಲ, ಮಾಪಕದ ಕಡೆ ಕಣ್ಣೂ ಹಾಯಿಸಲಿಲ್ಲ.

"ಏಯ್, ಏಯ್! ಇಳಿಸು ಕೆಳಗೆ!" ಹೊಸಬಳು ಒದ್ದೆ ಕೈಯಲ್ಲೇ ಅಡುಗೆಮನೆಯಿಂದ ಓಡಿಬಂದಳು. "ಅಳತೆ ಯಾರು ನೋಡ್ತಾರೆ? ನಿಮ್ಮ ತಾತನಾ? ಎರಡು ಜೀವ ಇದೆ ಅದ್ರಲ್ಲಿ. ಬಂದ್ಲು, ಸುರಿದ್ಲು! ಕಣ್ಣಿಲ್ವಾ ನಿನಗೆ?"

ಆ ಮನೆಯಲ್ಲಿ ಅವಳ ದನಿ ಅಷ್ಟು ಏರಿದ್ದು ಅದೇ ಮೊದಲು. ಏರಿದ ಮೇಲೆ ಅವಳೇ ಬೆಚ್ಚಿದಳು. ಪೇಪರು ಓದುತ್ತಿದ್ದ ಮೆಕ್ಯಾನಿಕ್ ತಲೆ ಎತ್ತಲಿಲ್ಲ; ಪುಟ ತಿರುವುವುದನ್ನು ಮಾತ್ರ ನಿಲ್ಲಿಸಿದ.

ಬಟಾಣಿ ಬಕೆಟ್ಟನ್ನು ದಡ್ಡೆಂದು ಕೆಳಗಿಟ್ಟಳು. "ನೀವೇ ಬೆರೆಸಿದ್ದಲ್ವಾ? ಸರಿಯಾಗೇ ಇರುತ್ತೆ ಅಂತ ಸುರಿಯೋಕೆ ಹೋದೆ. ಒಳ್ಳೇದಕ್ಕೆ ಕಾಲವಿಲ್ಲ ಈ ಮನೇಲಿ! ಬಂದು ಐದು ನಿಮಿಷ ಆಗಿಲ್ಲ, ಶುರು!"

"ಬಾಯಿ ಆಮೇಲೆ. ಮೊದಲು ಮಾಪಕ ತಾ."

"ತರ್ತೀನಿ, ತರ್ತೀನಿ. ಒಂದು ಲೋಟ ನೀರು ಕೊಟ್ರಾ ನನಗೆ? ಮೀನಿಗೇ ಎಲ್ಲಾ!"

ಗೊಣಗುತ್ತ, ಕಾಲು ಬಡಿಯುತ್ತ ಅವಳು ಒಳಗೆ ಹೋದಳು. ಆ ಗೊಣಗಾಟ ಪಕ್ಕದ ಕೋಣೆಯಿಂದಲೂ ನಿಲ್ಲದೆ ಕೇಳಿಬರುತ್ತಿತ್ತು: ಅತ್ತೆ ಮನೆಯಲ್ಲಾದರೆ ತಿಂಡಿ ಕೊಟ್ಟು ಮಾತಾಡಿಸುತ್ತಿದ್ದರು, ಇಲ್ಲಿ ಬಾಗಿಲಲ್ಲೇ ಪರೀಕ್ಷೆ, ಎಂದೇನೇನೋ. ಹೊಸಬಳು ಬಕೆಟ್ಟಿನ ಪಕ್ಕ ನಿಂತು ಒಂದೊಂದು ಮಾತನ್ನೂ ಕಿವಿಗೊಟ್ಟು ಕೇಳಿದಳು. ಅವಳ ಜನ್ಮದಲ್ಲಿ ಯಾರೂ ಅವಳಿಗೆ ಅಷ್ಟು ಧಾರಾಳವಾಗಿ ಎದುರು ಮಾತಾಡಿರಲಿಲ್ಲ. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ಹುಡುಗಿಗೆ ಒಂದು ಲೋಟ ನೀರು ತರಲು ಹೋದಳು.